ಬಿಸ್ಮಿಲ್ಲಾ ಹೇಳಿಸಿ ಒತ್ತಿಸಿದ ಒಪ್ಪಿಗೆ

ಗ್ರಾಹಕ ವ್ಯಾಜ್ಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಚಿಲಾರಂಗ್ ಕಣಿವೆಯ ಕಸೂತಿ ಕೆಲಸದ ಕೊಕೊಮ್ ಎಂಬ ಹೆಂಗಸು ತಂದ ದೂರನ್ನು ತಾವು ಒಂದೂವರೆ ತಿಂಗಳ ಹಿಂದೆ ವಜಾ ಮಾಡಿದಿರಿ. ಆಕೆಯ ತಾಯಿ ತಂತ್ರಾಂಶದ ಪರವಾನಗಿ ಒಪ್ಪಂದಕ್ಕೆ ಸ್ವಂತ ಕೈಯಿಂದ ಒಪ್ಪಿಗೆ ಕೊಟ್ಟಿದ್ದಾರೆ, ಮಾರಾಟಗಾರ ಷರತ್ತುಗಳನ್ನು ವಿವರಿಸಿದ್ದಾನೆ, ಆದಕಾರಣ ಆ ಒಪ್ಪಂದಕ್ಕೆ ಕೊಂಡವರು ಬದ್ಧರು ಎಂದು ಬರೆದಿರಿ. ತೀರ್ಪು ತಪ್ಪು. ತಮ್ಮದೇನೂ ತಪ್ಪಿಲ್ಲ ಎನ್ನುವಷ್ಟು ಸೌಜನ್ಯ ನನ್ನಲ್ಲಿಲ್ಲ, ತಮ್ಮ ಪಾಲೂ ಇದೆ. ಆದರೆ ದೊಡ್ಡ ಪಾಲು ನನ್ನದು. ಆ ಮಾರಾಟಗಾರ ನಾನೇ.

ಇನ್ನು ಇಪ್ಪತ್ತಾರು ದಿನಕ್ಕೆ ತಂತ್ರಾಂಶದ ಕಂಪನಿಯು ಆ ತಾಯಿಯ ಹೆಸರಿನ ಖಾತೆಯನ್ನು ಅಳಿಸಿಹಾಕಲಿದೆ. ಅದರೊಳಗೆ ಆಕೆ ಜೀವಮಾನವಿಡೀ ಬರೆದ ಇನ್ನೂರ ಆರು ಕಸೂತಿ ಚಿತ್ರಗಳಿವೆ. ಅವುಗಳ ಪ್ರತಿ ಬೇರೆಲ್ಲೂ ಇಲ್ಲ. ಇಲ್ಲದಂತೆ ಮಾಡಿದವನೂ ನಾನೇ. ಇದನ್ನೆಲ್ಲ ಹೇಳಿಕೊಳ್ಳಲು ತಮ್ಮ ಕಚೇರಿಯ ಕಿಟಕಿಗೆ ಮೂರು ಸಲ ಬಂದೆ. ಮೂರನೆಯ ಸಲ ಅಲ್ಲಿನ ಗುಮಾಸ್ತರು ಕಾಂಗ್, ಅಂದರೆ ಅಣ್ಣಾ, ಎಂದು ಕರೆದು ಕನಿಕರದಿಂದಲೇ ಹೇಳಿದರು: "ದೂರು ಕೊಡೋಕೆ ಫಾರಂ ಇದೆ, ದೂರು ವಾಪಸ್ ತಗೊಳ್ಳೋಕೂ ಇದೆ. ಸುಳ್ಳು ಹೇಳಿದ್ದೆ ಅಂತ ಒಪ್ಕೊಳ್ಳೋಕೆ ನಮ್ಮಲ್ಲಿ ಫಾರಂ ಇಲ್ಲ ಕಾಂಗ್. ಯಾರೂ ಕೇಳೇ ಇಲ್ಲ ಇದುವರೆಗೆ." ಹಾಗಾಗಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಮಗೂ ತಲುಪಲಿ, ಊರಿಗೂ ತಲುಪಲಿ.

ನಾನು, ದುದುಂಗ್, ಹನ್ನೊಂದು ವರ್ಷದಿಂದ ಪೇಟೆ ಬೀದಿಯಲ್ಲಿ ಕಂಪ್ಯೂಟರ್ ಕಸೂತಿ ಯಂತ್ರಗಳ ಅಂಗಡಿ ಇಟ್ಟವನು. ಬಾಗಿಲ ಮೇಲೆ 'ಅಧಿಕೃತ ಮಾರಾಟಗಾರರು' ಎಂಬ ಕಂಪನಿಯ ಫಲಕವಿದೆ, ಕೆಂಪು ಅಕ್ಷರ, ಒಳಗೆ ದೀಪ. ಮೊದಲು ನಮ್ಮ ಕಣಿವೆಯಲ್ಲಿ ಕಾಲಲ್ಲಿ ತುಳಿಯುವ ಯಂತ್ರಗಳೇ ಇದ್ದವು. ಚಿತ್ರವನ್ನು ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಒರೆಸಿದರೆ ಚುಕ್ಕೆಚುಕ್ಕೆಯಾಗಿ ಇಳಿಯುತ್ತಿತ್ತು. ಕೊಕೊಮ್‌ಳ ತಾಯಿ ಜುಬೇದಾ, ಊರಿಗೆಲ್ಲ ನಿನಿ, ಅಂದರೆ ಅಜ್ಜಿ, ಹಾಗೆ ಕಾಗದ ಚುಚ್ಚುವುದರಲ್ಲಿ ಎತ್ತಿದ ಕೈ. ಹೆಂಗಸರು ನಮಾಜಿಗೆ ಹೊದೆಯುವ ಬಿಳಿ ವಸ್ತ್ರದ ಅಂಚಿಗೆ ನಿನಿ ಬರೆದ ಜರೀಗಿಡದ ಸುರುಳಿ, ಮ್ಯಾಂಗೋಸ್ಟೀನ್ ಹಣ್ಣಿನ ತಳದಲ್ಲಿರುತ್ತದಲ್ಲ ಆ ಪುಟ್ಟ ಹೂವು, ಇವನ್ನು ಕಂಡರೆ ಬೇರೆ ಜಿಲ್ಲೆಯವರೂ 'ಇದು ಚಿಲಾರಂಗಿನದು' ಎನ್ನುತ್ತಿದ್ದರು. ಯಾವ ಗೆರೆಯನ್ನೂ ಅಳತೆಪಟ್ಟಿಯಲ್ಲಿ ಎಳೆದವರಲ್ಲ. ಬೆರಳಿನ ಗೇಣೇ ಅವರಿಗೆ ಅಳತೆ.

ಐದು ವರ್ಷದ ಹಿಂದೆ ಕೊಕೊಮ್ ನನ್ನ ಅಂಗಡಿಯಲ್ಲಿ ಆರು ಸೂಜಿಯ ಯಂತ್ರ ಕೊಂಡಳು, ಜೊತೆಗೆ ಚಿತ್ರ ಬರೆಯುವ ತಂತ್ರಾಂಶ. ಆರಿಸಿದವಳು ಅವಳು, ದುಡಿದು ಕೊಂಡವಳು ಅವಳು. ಆದರೆ ನಮ್ಮ ಕಡೆ ಹೊಸ ಯಂತ್ರ ಮನೆಗೆ ಬಂದರೆ ಅದನ್ನು ಮನೆಯ ಹಿರಿಯ ಹೆಂಗಸಿನ ಹೆಸರಿಗೇ ಬರೆಸುವುದು, ಅವರ ಕೈಯೇ ಮೊದಲು ಮುಟ್ಟುವುದು. ಇದು ತಮಗೂ ಗೊತ್ತಿರಲೇಬೇಕು, ತಮ್ಮ ಮನೆಯ ಹೊಲಿಗೆ ಯಂತ್ರವೂ ತಮ್ಮ ಅಜ್ಜಿಯ ಹೆಸರಿನಲ್ಲೇ ಇದ್ದೀತು. ಯಾರೂ ಕಾನೂನು ಯೋಚಿಸಿ ಹೀಗೆ ಮಾಡುವುದಿಲ್ಲ. ಹಿರಿಯರ ಹೆಸರಿದ್ದರೆ ಯಂತ್ರ ಕೆಡುವುದಿಲ್ಲ ಎಂಬ ನಂಬಿಕೆ, ಅಷ್ಟೆ. ನಾನೂ ಅದೇ ನಂಬಿಕೆಯವನು. ಕಂಪನಿಯ ನಮೂನೆಯಲ್ಲಿ 'ಪರವಾನಗಿದಾರರು' ಎಂಬಲ್ಲಿ ನಿನಿಯ ಹೆಸರು ತುಂಬಿದೆ. ಆ ಪದದ ಅರ್ಥವೇನು, ಆ ಹೆಸರಿನ ವ್ಯಕ್ತಿ ಸತ್ತರೆ ಏನಾಗುತ್ತದೆ ಎಂದು ನಾನು ಕೇಳಲೂ ಇಲ್ಲ, ಓದಲೂ ಇಲ್ಲ.

ಯಂತ್ರ ಕೂಡಿಸಿದ ದಿನ ಮನೆಯಲ್ಲಿ ಶುಭಕ್ಕೆಂದು ಅರಿಸಿನದ ಅನ್ನವನ್ನು ಗೋಪುರದಂತೆ ಕಟ್ಟಿದ್ದರು. ನೆರೆಯ ಇಬ್ಬರು ಹೆಂಗಸರು ಬಂದಿದ್ದರು. ಕೊಕೊಮ್ ಅಡುಗೆಮನೆಯಲ್ಲಿ ಎಲೆಕೋಸಿನ ಬೋಂಡ ಕರಿಯುತ್ತಿದ್ದಳು. ನಾನು ತಂತ್ರಾಂಶ ಹಾಕುತ್ತಾ ಹೋದಂತೆ ಪರದೆಯ ಮೇಲೆ ಒಪ್ಪಂದ ಬಂತು. ನಲವತ್ತೊಂದು ಪುಟ, ಎಲ್ಲ ಇಂಗ್ಲಿಷು, ಕೆಳಗೆ ಎರಡು ಗುಂಡಿ. ಒಂದರಲ್ಲಿ 'ಒಪ್ಪಿದೆ', ಇನ್ನೊಂದರಲ್ಲಿ 'ಹೊರಗೆ ಹೋಗು'. ಎಲ್ಲ ಮನೆಗಳಲ್ಲೂ ಆ ಗುಂಡಿಯನ್ನು ನಾನೇ ಒತ್ತುತ್ತಿದ್ದೆ. ಅವತ್ತು ಮಾತ್ರ ಹಿರಿಯರ ಕೈ ಮೊದಲು ಮುಟ್ಟಬೇಕೆಂಬ ಶಾಸ್ತ್ರ ನೆನಪಾಯಿತು. ನಿನಿಯನ್ನು ಕುರ್ಚಿಗೆ ಕರೆದು ಕೂರಿಸಿದೆ. ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಕುರಾನಿನ ಅಕ್ಷರ ಬಿಟ್ಟು ಬೇರೆ ಅಕ್ಷರ ಅವರಿಗೆ ಬಾರದು.

"ಏನೋ ದುದುಂಗ್, ಇಷ್ಟೊಂದು ಬರ್ದಿದಾರಲ್ಲೋ. ಏನಂತೆ?"

"ಏನಿಲ್ಲ ನಿನಿ, ಒಳ್ಳೆದಾಗ್ಲಿ ಅಂತ ಬರ್ದಿದಾರೆ."

"ಒಳ್ಳೆದಾಗ್ಲಿ ಅನ್ನಕ್ಕೆ ಇಷ್ಟುದ್ದ ಬೇಕೇನೋ? ನಮ್ ಇಮಾಮರೇ ವಾಸಿ, ಬೇಗ ಮುಗಿಸ್ತಾರೆ."

ಹೆಂಗಸರು ನಕ್ಕರು. ನಾನೂ ನಕ್ಕೆ. ಅವರ ಬೆರಳನ್ನು ಹಿಡಿದು ಮೌಸಿನ ಮೇಲಿಟ್ಟು, "ಬಿಸ್ಮಿಲ್ಲಾ ಅಂದು ಒತ್ತಿ ನಿನಿ" ಎಂದೆ. ಅವರು ಕಣ್ಣು ಮುಚ್ಚಿ, ಬಿಸ್ಮಿಲ್ಲಾ ಅಂದು, ಒತ್ತಿದರು.

ಮಾನ್ಯರೇ, ತಮ್ಮ ತೀರ್ಪಿನ ಏಳನೆಯ ಪುಟದಲ್ಲಿ 'ಮಾರಾಟಗಾರನು ಷರತ್ತುಗಳನ್ನು ಖರೀದಿದಾರರಿಗೆ ಮೌಖಿಕವಾಗಿ ವಿವರಿಸಿರುತ್ತಾನೆ' ಎಂಬ ವಾಕ್ಯವಿದೆ. ಆ ಮೌಖಿಕ ವಿವರಣೆ ಇದೇ. ಬೇರೆ ಇಲ್ಲ. ಈಗ ಅಚ್ಚಿನಲ್ಲಿ ಕೊಟ್ಟಿದ್ದೇನೆ, ಕಡತಕ್ಕೆ ಸೇರಿಸಿಕೊಳ್ಳಬಹುದು.

ನಂತರದ ಎರಡು ವರ್ಷ ತಾಯಿ ಮಗಳು ಕೂತು ಹಳೆಯ ಕಾಗದಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದರು. ನಿನಿ ಹೇಳುವುದು, ಕೊಕೊಮ್ ಗೆರೆ ಎಳೆಯುವುದು. 'ಅಲ್ಲಿ ಬಳ್ಳಿಗೆ ಉಸಿರು ಸಾಲ್ದು, ಇನ್ನೂ ಬಗ್ಗಿಸು' ಎಂದು ನಿನಿ ಪರದೆಗೆ ಬೆರಳು ಒರೆಸುತ್ತಿದ್ದರಂತೆ, ಗಾಜಿನ ತುಂಬ ಎಣ್ಣೆ ಜಿಡ್ಡು. ಒಂದು ದಿನ ಯಂತ್ರ ನೋಡಲು ಹೋದಾಗ ಮೂಲೆಯಲ್ಲಿ ಸೀಮೆಎಣ್ಣೆ ನಾರುವ ಕಾಗದದ ಕಟ್ಟುಗಳಿದ್ದವು. ನಾನು ದೊಡ್ಡ ತಿಳಿವಳಿಕಸ್ಥನಂತೆ, "ಈ ಕಸ ಯಾಕೆ ಇಟ್ಕೊಂಡಿದೀರಿ, ಜಿರಳೆ ಸೇರತ್ತೆ. ಎಲ್ಲ ಒಳಗೆ ಭದ್ರವಾಗಿದೆಯಲ್ಲ" ಎಂದೆ. ಒಳಗೆ ಎಂದರೆ ಎಲ್ಲಿ? ಕಂಪನಿಯ ಉಗ್ರಾಣದಲ್ಲಿ. ಖಾತೆ ತೆರೆದರೆ ಮಾತ್ರ ಚಿತ್ರ ಯಂತ್ರಕ್ಕೆ ಇಳಿಯುತ್ತದೆ, ಮುಚ್ಚಿದರೆ ಇಲ್ಲ. ಆ ಸಂಗತಿ ನನಗೆ ಗೊತ್ತಿತ್ತು, ಅವರಿಗೆ ಹೇಳಬೇಕೆಂದು ತೋಚಲಿಲ್ಲ. ಮುಂದಿನ ವಾರ ಕೊಕೊಮ್ ಆ ಕಾಗದಗಳನ್ನು ಒಲೆಗೆ ಹಾಕಿದಳು. ಎಣ್ಣೆ ಹೀರಿದ ಕಾಗದ, ಚೆನ್ನಾಗಿ ಉರಿಯಿತಂತೆ.

ಕಳೆದ ವರ್ಷ ನಿನಿ ತೀರಿಕೊಂಡರು. ಖಾತೆಯ ಹೆಸರು ಬದಲಾಯಿಸಿಬಿಡು, ಎಲ್ಲ ನಿಯತ್ತಾಗಿರಲಿ ಎಂದು ಮರಣ ಪ್ರಮಾಣಪತ್ರವನ್ನು ಕಂಪನಿಗೆ ಕಳಿಸುವಂತೆ ಕೊಕೊಮ್‌ಳಿಗೆ ಹೇಳಿದವನೂ ನಾನೇ. ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಪ್ರಾಮಾಣಿಕ ಕೆಲಸ ಅದು, ಮನೆ ಮುರಿದದ್ದೂ ಅದೇ. ಹತ್ತು ದಿನಕ್ಕೆ ಉತ್ತರ ಬಂತು. ಪರವಾನಗಿ ವರ್ಗಾಯಿಸಲು ಬರುವುದಿಲ್ಲ, ಪರವಾನಗಿದಾರರ ಮರಣದೊಂದಿಗೆ ಮುಗಿಯುತ್ತದೆ, ಖಾತೆಗೆ ಇಂದಿನಿಂದಲೇ ಬೀಗ, ನಿಗದಿತ ಅವಧಿಯ ನಂತರ ಅದನ್ನು ಅಳಿಸಲಾಗುವುದು, ತಮ್ಮ ದುಃಖದಲ್ಲಿ ನಾವೂ ಭಾಗಿಗಳು. ಕೊಕೊಮ್ ಹೊಸ ಪರವಾನಗಿ ಪಡೆಯಬಹುದಂತೆ, ಆದರೆ ಅದು ಖಾಲಿ ಖಾತೆಯಂತೆ.

ಇದು ನ್ಯಾಯವೇ ಎಂದು ಕೇಳಿಯೇ ಅವಳು ತಮ್ಮ ಬಳಿ ಬಂದದ್ದು. ಆರನೇ ತರಗತಿ ಓದಿದವಳು ತಮ್ಮೆದುರು ನಿಂತು, "ಅಮ್ಮಂಗೆ ಆ ಅಕ್ಷರ ಓದಕ್ಕೇ ಬರ್ತಿರ್ಲಿಲ್ಲ ಸಾರ್, ಒಪ್ಪಿದ್ದು ಹೆಂಗಾಗತ್ತೆ?" ಎಂದಳು. ಸರಿಯಾದ ಪ್ರಶ್ನೆ. ನಮ್ಮ ಗ್ರಾಹಕ ರಕ್ಷಣಾ ಕಾನೂನಿನ ಹದಿನೆಂಟನೆಯ ವಿಧಿಯೂ ಅದನ್ನೇ ಹೇಳುತ್ತದೆ: ಸ್ಪಷ್ಟವಾಗಿ ಓದಲಾಗದ, ಅರ್ಥಮಾಡಿಕೊಳ್ಳಲು ಕಷ್ಟವಾದ ಸಿದ್ಧ ಷರತ್ತು ಹಾಕಕೂಡದು, ಹಾಕಿದರೆ ಅದು ಅಸಿಂಧು. ಕಂಪನಿಯ ವಕೀಲರಿಗೆ ಈ ವಿಧಿಯಿಂದ ಪಾರಾಗಲು ಒಂದೇ ದಾರಿಯಿತ್ತು. ಓದಲು ಬಾರದವರಿಗೆ ಯಾರೋ ಬಾಯಲ್ಲಿ ವಿವರಿಸಿದ್ದರು ಎನ್ನಬೇಕಿತ್ತು. ಆ ಯಾರೋ ನಾನು.

ವಿಚಾರಣೆಯ ಹಿಂದಿನ ದಿನ ಕಂಪನಿಯ ಪ್ರತಿನಿಧಿ ಬಾಂಡುಂಗ್ ನಗರದಿಂದ ಬಂದಿದ್ದ. ಒಳ್ಳೆಯ ಹುಡುಗ, ಬಿಳಿ ಅಂಗಿ, ಮೃದು ಮಾತು. "ನೀವು ವಿವರಿಸಿಲ್ಲ ಅಂದ್ರೆ ತಪ್ಪು ನಿಮ್ಮ ಅಂಗಡಿದಾಗತ್ತೆ ಕಾಂಗ್, ಕಂಪನಿದಲ್ಲ. ಫಲಕ ಇಳಿಸ್ಬೇಕಾಗತ್ತೆ. ವಿವರಿಸಿದೀರಿ ಅಂತಾದ್ರೆ ಯಾರಿಗೂ ತೊಂದ್ರೆ ಇಲ್ಲ ನೋಡಿ." ಯಾರಿಗೂ ಎಂದರೆ ಕೊಕೊಮ್ ಲೆಕ್ಕಕ್ಕೆ ಬರುವುದಿಲ್ಲ ಎಂದು ಆಗಲೇ ಹೊಳೆದಿತ್ತು. ಹೊಳೆದೂ ತಲೆಯಾಡಿಸಿದೆ.

ಮರುದಿನ ತಾವು ಎರಡೇ ಪ್ರಶ್ನೆ ಕೇಳಿದಿರಿ. ವಿವರಿಸಿದಿರಾ? ವಿವರಿಸಿದೆ ಮಾನ್ಯರೇ. ಗುಂಡಿ ಒತ್ತಿದವರು ಯಾರು? ಅವರೇ, ಸ್ವಂತ ಕೈಯಿಂದ. ಎರಡನೆಯದು ಅಕ್ಷರಶಃ ನಿಜ, ಅದಕ್ಕೇ ಇನ್ನೂ ಹೊಲಸು. ಏನೆಂದು ವಿವರಿಸಿದೆ ಎಂಬ ಮೂರನೆಯ ಪ್ರಶ್ನೆಯನ್ನು ತಾವು ಕೇಳಲಿಲ್ಲ. ಕೇಳಿದ್ದರೆ ನನ್ನ ನಾಲಿಗೆ ತಡವರಿಸುತ್ತಿತ್ತು, ತಮಗೆ ಗೊತ್ತಾಗುತ್ತಿತ್ತು. ಮೊದಲೇ ಹೇಳಿದೆನಲ್ಲ, ತಮ್ಮ ಪಾಲು ಇಷ್ಟು. ಊಟದ ಹೊತ್ತಾಗಿತ್ತು, ಉಪವಾಸದ ತಿಂಗಳಾದ್ದರಿಂದ ಊಟವೂ ಇರಲಿಲ್ಲ, ಎಲ್ಲರಿಗೂ ಮುಗಿದರೆ ಸಾಕಾಗಿತ್ತು. ಕೊಕೊಮ್ ನನ್ನನ್ನು ನೋಡಿದಳು. ಅನುಮಾನದಿಂದ ಅಲ್ಲ. 'ಹೌದಾ, ವಿವರಿಸಿದ್ರಾ, ನಾನು ಅಡುಗೆಮನೇಲಿದ್ದೆ, ನಂಗೊತ್ತಾಗ್ಲಿಲ್ಲ' ಎಂಬಂತೆ ನೋಡಿದಳು. ಹಾಗಾದರೆ ತನ್ನಮ್ಮ ಗೊತ್ತಿದ್ದೇ ಒಪ್ಪಿದ್ದಳು ಎಂದು ಅವಳು ಅಲ್ಲೇ ನಂಬಿಬಿಟ್ಟಳು. ನಾನು ಅವಳ ಚಿತ್ರಗಳನ್ನು ಕಳೆದದ್ದಲ್ಲದೆ ಸತ್ತ ತಾಯಿಯ ಮೇಲೆ ಆ ತಪ್ಪನ್ನೂ ಹೊರಿಸಿದೆ. ನನಗೆ ನಾಚಿಕೆಯಾಗುತ್ತದೆ.

ತೀರ್ಪಾದ ಮೇಲೆ ಮೊದಲ ಬಾರಿಗೆ ಆ ಒಪ್ಪಂದವನ್ನು ಓದಿದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ಬೆಳಗು ಹಿಡಿಯಿತು. ಈ ಕಣಿವೆಯ ಅರ್ಧದಷ್ಟು ಮನೆಗಳ ಪರವಾಗಿ ಒಪ್ಪಿದವನು ನಾನು, ಏನನ್ನು ಒಪ್ಪಿದ್ದೇನೆಂದು ತಿಳಿಯಲು ಹನ್ನೊಂದು ವರ್ಷ ಬೇಕಾಯಿತು. ಸಾವಿನ ಮಾತಿರುವುದು ಇಪ್ಪತ್ತೊಂಬತ್ತನೆಯ ಪುಟದಲ್ಲಿ. ಅದಕ್ಕಿಂತ ಮೊದಲೇ, ತಂತ್ರಾಂಶದ ಡಬ್ಬಿಯ ಒಳಗಿನ ಲಕೋಟೆಯ ಮೇಲೆ ಒಂದು ಸಾಲಿದೆ: 'ಈ ಲಕೋಟೆ ಒಡೆದರೆ ಒಳಗಿನ ಷರತ್ತುಗಳಿಗೆ ಒಪ್ಪಿದಂತೆ.' ಒಳಗಿರುವುದನ್ನು ಒಡೆಯದೆ ಓದುವ ವಿದ್ಯೆ ತಮ್ಮ ಕಾನೂನು ಕಾಲೇಜಿನಲ್ಲಿ ಕಲಿಸಿದ್ದರೆ ದಯವಿಟ್ಟು ನಮಗೂ ಹೇಳಿಕೊಡಿ. ಒಡೆದು ಓದಿ, ಒಪ್ಪಿಗೆಯಾಗದೆ ಮರಳಿಸಲು ಬಂದರೆ ನನ್ನ ಅಂಗಡಿಯ ಗೋಡೆ ಏನು ಹೇಳುತ್ತದೆ? 'ಒಡೆದ ಮಾಲು ವಾಪಸು ಪಡೆಯಲಾಗುವುದಿಲ್ಲ.' ಅದನ್ನು ಬರೆದದ್ದು ನನ್ನದೇ ಕೈ. ಹೀಗೆ ಎರಡೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ 'ನಿಮ್ಮಿಷ್ಟದಂತೆ ನಿಂತಿದ್ದೀರಿ' ಎಂದು ನಾವೂ ಹೇಳಿದೆವು, ತಾವೂ ಹೇಳಿದಿರಿ.

ಕಂಪನಿಗೆ ರಕ್ಷಣೆಯೇ ಬೇಡ ಎನ್ನುತ್ತಿಲ್ಲ. ಅವರ ತಂತ್ರಾಂಶವನ್ನು ಕದ್ದು ನಕಲು ಮಾಡಿ ಹಂಚಬಾರದು, ಆ ಷರತ್ತು ಎಷ್ಟು ಬೇಕಾದರೂ ಬಿಗಿಯಾಗಿರಲಿ. ಓದಬಲ್ಲವನು, ಬೇಡ ಎಂದು ಎದ್ದು ಹೋಗಬಲ್ಲವನು, ತಿಳಿದು ಒಪ್ಪಿದರೆ ಅವನು ಬದ್ಧನೇ. ಆದರೆ ನಿನಿ ಬರೆದ ಬಳ್ಳಿ ಕಂಪನಿಯ ಮಾಲೇ? ಬಾಡಿಗೆ ಮುಗಿಯಿತೆಂದು ಮನೆ ಬಿಡಿಸುವ ಮಾಲೀಕನೂ ಪಾತ್ರೆಪಗಡ ಒಯ್ಯಲು ಬಿಡುತ್ತಾನೆ. ಇಲ್ಲಿ ಬಾಡಿಗೆ ಎಂಬ ಮಾತನ್ನೂ ಯಾರೂ ಆಡಿರಲಿಲ್ಲ. ನನ್ನ ರಸೀದಿಯಲ್ಲಿ 'ಮಾರಿದೆ' ಎಂದಿದೆ. ಮಾರಿದ ಮೇಲೆ ಅದು ಮಾರಾಟವಲ್ಲ, ಬದುಕಿರುವವರೆಗಿನ ಅನುಮತಿ ಎಂದರೆ ಕೊಂಡವರು ಯಾವ ಮಾತನ್ನು ನಂಬಬೇಕು?

ಈಗ ಕೊಕೊಮ್ ಊರಿನ ಮನೆಮನೆಗೆ ಹೋಗಿ, ತಾಯಿ ಕಸೂತಿ ಹಾಕಿದ ಹಳೆಯ ವಸ್ತ್ರಗಳನ್ನು ಕೇಳಿ ತಂದು, ಅವನ್ನು ನೋಡಿ ಮತ್ತೆ ಕಾಗದದ ಮೇಲೆ ಚುಚ್ಚುತ್ತಿದ್ದಾಳೆ. ಇದುವರೆಗೆ ಮೂವತ್ತೊಂದು ಸಿಕ್ಕಿವೆ. ಕೆಲವು ಒಗೆದು ಒಗೆದು ಅರ್ಧ ಬಳ್ಳಿಯಷ್ಟೇ ಉಳಿದಿವೆ.

ಹಬ್ಬದ ದಿನದ ಒಂದು ಸಂಗತಿ ಹೇಳದಿದ್ದರೆ ಈ ಪತ್ರವೂ ಇನ್ನೊಂದು ವಿವರಿಸದ ಒಪ್ಪಂದವಾಗುತ್ತದೆ. ಉಪವಾಸ ಮುಗಿದ ಬೆಳಗ್ಗೆ ನಾವು ಮನೆಮನೆಗೆ ಹೋಗಿ ಅಂಗೈಗೆ ಅಂಗೈ ಸೇರಿಸಿ, ಗೊತ್ತಿದ್ದೂ ಗೊತ್ತಿಲ್ಲದೆಯೂ ಮಾಡಿದ್ದಕ್ಕೆಲ್ಲ ಕ್ಷಮೆ ಕೇಳುತ್ತೇವಲ್ಲ, ಹಾಗೆ ಕೊಕೊಮ್ ನಮ್ಮ ಮನೆಗೆ ಬಂದಳು. ನಾನು ಹೋಗಬೇಕಾದ್ದು, ಅವಳೇ ಬಂದಳು.

"ಕ್ಷಮ್ಸಿ ಕಾಂಗ್," ಎಂದಳು. "ದೂರು ಕೊಟ್ಟು ನಿಮ್ಮನ್ನೂ ಅಲ್ಲಿವರ್ಗೂ ಎಳ್ದೆ. ನಿಮ್ದೇನೂ ತಪ್ಪಿರ್ಲಿಲ್ಲ."

"ನನ್ನನ್ನೂ ಕ್ಷಮಿಸಮ್ಮ" ಎಂದೆ.

"ಎಲ್ಲಾ ಕ್ಷಮಿಸಿದೀನಿ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕ್ಷಮೆ ಸಿಕ್ಕಿತು, ಅವಳ ಬಾಯಿಂದಲೇ ಸಿಕ್ಕಿತು, ಇನ್ನೇನು ಬೇಕು ಎಂದು ಮೂರು ವಾರ ನೆಮ್ಮದಿಯಾಗಿ ಉಂಡೆ, ಮಲಗಿದೆ. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ, ಹೇಗೂ ಕೊಕೊಮ್ ಕ್ಷಮಿಸಿದ್ದಾಳಲ್ಲ ಎಂಬ ಧೈರ್ಯದಲ್ಲಿ. ಅವಳು ಬಡಿಸುವುದನ್ನು ನಿಲ್ಲಿಸಿದಳು.

"ಯಾವುದಕ್ಕೆ ಕ್ಷಮೆ ಅಂತ ಹೇಳಿದ್ರಾ ಅವಳಿಗೆ?"

"ಹಬ್ಬದ ದಿನ ಯಾರು ಹೇಳ್ತಾರೆ?"

"ಹೇಳ್ದೆ ಇಸ್ಕೊಂಡ್ರಾ ಹಾಗಾದ್ರೆ! ನಿಮ್ಮಂಗಡಿ ಬುದ್ಧಿನೇ. ಒತ್ತು ಅಂದ್ರಿ, ಒತ್ತಿದ್ಲು ಪಾಪ. ಮನೆ ಒಳಗೂ ಅದೇ ವ್ಯಾಪಾರ ಮಾಡ್ತೀರಲ್ರೀ, ನಾಚ್ಕೆ ಆಗಲ್ವಾ?"

ಮರುದಿನದಿಂದ ತಮ್ಮ ಕಚೇರಿಯ ಕಿಟಕಿಗೆ ಅಲೆದೆ, ಅಲ್ಲಿ ಆಗದೆ ಈ ಪತ್ರ ಬರೆಯಲು ಕೂತೆ. ಇಲ್ಲಿಯವರೆಗೆ ಬರೆದುಕೊಂಡು, ಮೊನ್ನೆ ಗುರುವಾರ ಬೆಳಗ್ಗೆ ಕೊಕೊಮ್‌ಳ ಮನೆಗೆ ಹೋದೆ. ಅವಳು ಕಾಗದ ಚುಚ್ಚುತ್ತಿದ್ದಳು. ಪತ್ರ ಮುಂದಿಟ್ಟೆ. "ನೀವೇ ಓದಿ," ಎಂದಳು, "ಒಂದಕ್ಷರ ಬಿಡದಂಗೆ ಓದಿ." ಓದಿದೆ. ವರ್ಗಾವಣೆ ಅಂದ್ರೇನು, ಅಸಿಂಧು ಅಂದ್ರೇನು ಎಂದು ನಡುನಡುವೆ ನಿಲ್ಲಿಸಿ ಕೇಳಿದಳು, ಹೇಳಿದೆ. 'ಒಳ್ಳೆದಾಗ್ಲಿ ಅಂತ ಬರ್ದಿದಾರೆ' ಎಂಬಲ್ಲಿಗೆ ಬಂದಾಗ ಸೂಜಿ ಕೆಳಗಿಟ್ಟಳು. ಓದಿ ಮುಗಿಸಿದೆ. ನಾನೇ ಬಾಯಿಬಿಟ್ಟು ಕ್ಷಮಿಸುವೆಯಾ ಎಂದೆ.

"ಹಬ್ಬದ ದಿನ ಕ್ಷಮಿಸಿದೀನಿ ಅಂದಿದ್ನಲ್ಲ, ಅದನ್ನ ವಾಪಸ್ ತಗೊಂಡಿದೀನಿ. ಗೊತ್ತಿಲ್ದೆ ಕೊಟ್ಟಿದ್ದದು."

"ಮತ್ತೆ ಯಾವಾಗ..."

"ಮೊದ್ಲು ನಮ್ಮಮ್ಮನ ಚಿತ್ರ ಬರ್ಲಿ. ಆಮೇಲೆ ಬಂದು ಕೇಳಿ. ಆಗ್ಲೂ ಕೊಡ್ತೀನಿ ಅಂತ ಮಾತೇನಿಲ್ಲ."

ಇಷ್ಟು ಹೇಳಿ, ಬಾಗಿಲವರೆಗೆ ಕಳಿಸಲು ಬಂದಳು. ಅವಳ ಸಿಟ್ಟಿಗೂ ಮರ್ಯಾದೆಯಿತ್ತು.

ಮಾನ್ಯರೇ, ನಾನು ಬೇಡುವುದು ಇದು. ದೂರನ್ನು ಮತ್ತೆ ತೆರೆಯಿರಿ. ವಿಚಾರಣೆ ಮುಗಿಯುವವರೆಗೆ ಆ ಖಾತೆಗೆ ಕಂಪನಿ ಕೈ ಹಚ್ಚದಂತೆ ಇಪ್ಪತ್ತಾರು ದಿನದೊಳಗೆ ತಡೆಯಾಜ್ಞೆ ಕೊಡಿ. ನನ್ನನ್ನು ಪ್ರಮಾಣ ಮಾಡಿಸಿ ನಿಲ್ಲಿಸಿ, ಕೇಳದೇ ಬಿಟ್ಟ ಪ್ರಶ್ನೆ ಕೇಳಿ. ಸುಳ್ಳು ಸಾಕ್ಷಿಗೆ ಏನು ಶಿಕ್ಷೆಯೋ ಕೊಡಿ, ತಕರಾರಿಲ್ಲ. ಫಲಕವನ್ನು ನಿನ್ನೆ ನಾನೇ ಇಳಿಸಿದ್ದೇನೆ.

ತಿಳಿಯದೆ ಕೊಟ್ಟದ್ದನ್ನು ತಿಳಿದ ಮೇಲೆ ಹಿಂದಕ್ಕೆ ಪಡೆಯಬಹುದು ಎಂದು ಕೊಕೊಮ್‌ಳಿಗೆ ಯಾವ ಕಾನೂನೂ ಹೇಳಿಕೊಟ್ಟಿರಲಿಲ್ಲ. ಅವಳು ತನ್ನ ಕ್ಷಮೆಯನ್ನು ಹಿಂದಕ್ಕೆ ಪಡೆದಿದ್ದಾಳೆ. ತಾವು ತಮ್ಮ ತೀರ್ಪನ್ನು ಹಿಂದಕ್ಕೆ ಪಡೆಯಿರಿ.

ಇಂತಿ,
ಎಲ್ಲರ ಪರವಾಗಿ ಒಪ್ಪಿ, ಈಗ ಯಾರ ಒಪ್ಪಿಗೆಯೂ ಉಳಿಯದ
ದುದುಂಗ್ ವಿರಾಹರ್ಜ
(ಪೇಟೆ ಬೀದಿ, ಫಲಕವಿಲ್ಲದ ಅಂಗಡಿ)